ತಡವಾಗಿ ಬಂದ ಗಂಟೆ

ಕುರುವಿಳ ಅಪ್ಪಚ್ಚನ್ ತೀರಿಕೊಂಡ ಸುದ್ದಿ ಬೆಳಗಾಗುವುದರೊಳಗೆ ಮಸ್ಕತ್ತಿನಿಂದ ಮೆಲ್ಬರ್ನಿನ ತನಕ ಮುಟ್ಟಿತ್ತು. ಮುಟ್ಟದೆ ಉಳಿದದ್ದು ಅದೇ ಮನೆಯ ಒಳಕೋಣೆಯಲ್ಲಿ ಮಲಗಿದ್ದ ಅವನ ಹೆಂಡತಿ ಶೋಶಮ್ಮನಿಗೆ ಮಾತ್ರ. ಹಾಗೆ ಮುಟ್ಟಕೂಡದೆಂದು ತೀರ್ಮಾನ ಮಾಡಿದವನು ಮಗ ತಂಕಚ್ಚನ್. ಆ ತೀರ್ಮಾನವನ್ನು ಕಾಯುವ ಕೆಲಸ ಎಲ್ಸಿಯ ತಲೆಗೆ ಬಿತ್ತು.

ಎಲ್ಸಿ ಆ ಮನೆಯ ಹೋಮ್ ನರ್ಸ್. ಇಡುಕ್ಕಿ ಬೆಟ್ಟದ ಕಡೆಯವಳು, ಐವತ್ತು ದಾಟಿದ ವಿಧವೆ. ಶೋಶಮ್ಮನಿಗೆ ಲಕ್ವ ಹೊಡೆದು ಎಡಮೈ ಬಿದ್ದುಹೋದ ಮೇಲೆ ನೋಡಿಕೊಳ್ಳಲು ಬಂದವಳು, ಈಗ ಮನೆಯವಳೇ ಆಗಿಬಿಟ್ಟಿದ್ದಳು. ಎಲ್ಲರ ಹಾಗೆ ಅವಳೂ ಶೋಶಮ್ಮನನ್ನು ಅಮ್ಮಚ್ಚಿ ಎಂದೇ ಕರೆಯುತ್ತಿದ್ದಳು, ಮುದುಕನನ್ನು ಅಪ್ಪಚ್ಚನ್ ಎಂದು, ಮಗನನ್ನು ಅಚ್ಚಾಯ ಎಂದು.

ತಂಕಚ್ಚನ್ ಅವಳನ್ನು ಬಾವಿಕಟ್ಟೆಯ ಹತ್ತಿರ ಕರೆದು ಹೇಳಿದ್ದ. "ನೋಡು ಎಲ್ಸಿ, ಅಪ್ಪಚ್ಚನ್ ಆಸ್ಪತ್ರೇಲೇ ಇದಾರೆ, ಕಫ ಕಡಿಮೆ ಆಗ್ತಿದೆ, ಅಷ್ಟೇ. ನಲವತ್ತೊಂದನೇ ದಿನದ ಪ್ರಾರ್ಥನೆ ಕಳೀಲಿ, ಆಮೇಲೆ ನಾನೇ ನಿಧಾನಕ್ಕೆ ಹೇಳ್ತೀನಿ."

"ಅಚ್ಚಾಯ, ಹೆಣ ಮನೆಗೆ ತರಲ್ವಾ?"

"ತಂದ್ರೆ ಅಮ್ಮಂಗೆ ಗೊತ್ತಾಗಲ್ವೇನೆ? ಆಸ್ಪತ್ರೆಯಿಂದ ಸೀದಾ ಇಗರ್ಜಿಗೆ." ಅವನು ಮನೆಯತ್ತ ತಿರುಗಿ ನೋಡಿ ದನಿ ತಗ್ಗಿಸಿದ. "ಅವಳ ಎದೆ ಗಟ್ಟಿಯಿಲ್ಲ ಅಂತ ಡಾಕ್ಟರು ಹೇಳಿದ್ದು ನೀನೂ ಕೇಳಿದ್ದೀಯ. ಒಂದೇ ವಾರದಲ್ಲಿ ಎರಡು ಪೆಟ್ಟಿಗೆ ಹೊರೋಕೆ ನನ್ನಿಂದ ಆಗಲ್ಲ. ಒಂದು ಮಾತು ನಿನ್ನ ಬಾಯಿಂದ ಬಿದ್ರೂ ಅವತ್ತೇ ಗಂಟುಮೂಟೆ ಕಟ್ಟಬೇಕಾಗುತ್ತೆ."

ಅವನೇನು ಕೆಟ್ಟವನಲ್ಲ. ಹೆದರಿದವನು. ಹೆದರಿದವರು ಮಾಡುವಷ್ಟು ಅನ್ಯಾಯವನ್ನು ಕೆಟ್ಟವರೂ ಮಾಡುವುದಿಲ್ಲ. ಎಲ್ಸಿ ತಲೆಯಾಡಿಸಿದಳು. ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗೂ ಇಲ್ಲ.

ಹೆಣವನ್ನು ಮನೆಗೆ ತಾರದೆ ಮಣ್ಣು ಮಾಡುವುದನ್ನು ಅವಳು ಕಂಡಿರಲಿಲ್ಲ. ಆ ಕಡೆಯ ಕ್ರೈಸ್ತರಲ್ಲಿ ಸತ್ತವರು ಕೊನೆಯ ಬಾರಿ ಸ್ವಂತ ಮನೆಯ ನಡುಮನೆಯಲ್ಲಿ ಮಲಗಬೇಕು, ಪೆಟ್ಟಿಗೆ ಹೊಸಿಲು ದಾಟುವ ಮೊದಲು ಮನೆಯವರು ಒಬ್ಬೊಬ್ಬರಾಗಿ ಹಣೆಗೆ ಮುತ್ತು ಕೊಡಬೇಕು. ಹೆಂಡತಿ ಬದುಕಿದ್ದರೆ ಕೊನೆಯ ಮುತ್ತು ಅವಳದು, ಆಮೇಲೆಯೇ ಬಿಳಿಬಟ್ಟೆಯಿಂದ ಮುಖ ಮುಚ್ಚುವುದು. ಆ ಮುತ್ತು ಪಡೆಯದೆ ಹೋದವನು ಹೇಳದೆ ಹೋದವನ ಹಾಗೆ ಎಂದು ಎಲ್ಸಿಯ ತಾಯಿ ಹೇಳುತ್ತಿದ್ದಳು. ಎಲ್ಸಿ ತನ್ನ ಗಂಡನಿಗೆ ಕೊಟ್ಟಿದ್ದಳು. ಆ ಹಣೆಯ ತಣುಪು ಅವಳ ತುಟಿಯಲ್ಲಿ ಇನ್ನೂ ಇತ್ತು.

ಇದನ್ನೆಲ್ಲ ಅಮ್ಮಚ್ಚಿ ಮತ್ತು ಅಪ್ಪಚ್ಚನ್ ಮಾತಾಡಿ ಮುಗಿಸಿದ್ದೂ ಅವಳ ಎದುರಿಗೇ. ಮಾತಾಡಿಸಿದ್ದು ಟಿವಿ.

ಒಂದು ಕಾಲದಲ್ಲಿ ಆ ಟಿವಿ ನಡುಮನೆಯಲ್ಲಿತ್ತಂತೆ. ಸಂಜೆ ಜಪಮಾಲೆ ಮುಗಿದದ್ದೇ ತಡ ಮನೆಮಂದಿಯೆಲ್ಲ ಅದರ ಮುಂದೆ. ಯಾರಿಗೆ ಯಾವ ಚಾನೆಲ್ ಎಂದು ದಿನವೂ ಜಗಳ. ಮನೆಗೆ ವೈಫೈ ಬಂದದ್ದೇ ಜಗಳ ನಿಂತುಹೋಯಿತು, ಜೊತೆಗೆ ಮಾತೂ ನಿಂತಿತು. ಮಗನಿಗೊಂದು ಪರದೆ, ಸೊಸೆ ಸೆಲಿನ್‌ಗೊಂದು, ಮೊಮ್ಮಗಳು ನಿಮ್ಮಿಗೊಂದು. ಒಬ್ಬೊಬ್ಬರೂ ಒಂದೊಂದು ಕೋಣೆಯಲ್ಲಿ ಕಿವಿಗೆ ಬೆಣೆ ಹೊಡೆದುಕೊಂಡು ತಮ್ಮಷ್ಟಕ್ಕೆ ನಗುತ್ತಿದ್ದರು. ಯಾರೂ ನೋಡದ ಟಿವಿಗೆ ಕೇಬಲ್ ಯಾಕೆಂದು ಅದನ್ನೂ ತೆಗೆಸಿದರು. ಯಾರಿಗೂ ಬೇಡವಾದ ಮೇಲೆ ಟಿವಿಯನ್ನು ತಂದು ಅಮ್ಮಚ್ಚಿಯ ಕೋಣೆಗೆ ತಗುಲಿಹಾಕಿದರು. ಮನೆಯಲ್ಲಿ ಬೇಡವಾದದ್ದೆಲ್ಲ ಕೊನೆಗೆ ಸೇರುತ್ತಿದ್ದದ್ದು ಆ ಕೋಣೆಗೇ, ಅಪ್ಪಚ್ಚನ್ ಕೂಡ.

ಕೇಬಲ್ ಹೋಗಿ ಟಿವಿ ವೈಫೈಗೆ ಸೇರಿದ ಮೇಲೆ ಬಂದ ಹೊಸ ರಿಮೋಟಿನಲ್ಲಿ ಮುದುಕನಿಗೂ ಮುದುಕಿಗೂ ಚಾನೆಲ್ಲಿನ ಅಂಕಿಯೇ ಸಿಗಲಿಲ್ಲ. ಆಗ ಎಲ್ಸಿಯ ಫೋನೇ ಅವರಿಗೆ ಕೇಬಲ್ ಆಯಿತು. ಫೋನಿನ ಮೂಲೆಯಲ್ಲಿರುವ ಚೌಕದ ಗುರುತನ್ನು ಒತ್ತಿದರೆ ಅಲ್ಲಿದ್ದದ್ದು ಗೋಡೆಯ ಟಿವಿಗೆ ಬರುತ್ತದೆಂದು ನಿಮ್ಮಿ ತೋರಿಸಿಕೊಟ್ಟಿದ್ದಳು. ಒಮ್ಮೆ ಜೋಡಿಸಿದರೆ ಬಿಡಿಸುವ ತನಕ ಎರಡೂ ಜೋಡಿಸಿಕೊಂಡೇ ಇರುತ್ತವೆ, ಫೋನಿನಲ್ಲಿ ಯಾವ ವಿಡಿಯೊ ತೆರೆದರೂ ಟಿವಿಗೇ ಓಡುತ್ತದೆ ಎಂದೂ ಹೇಳಿದ್ದಳು. ಬೆಳಿಗ್ಗೆ ಬಲಿಪೂಜೆ, ಸಂಜೆ ಧಾರಾವಾಹಿ. ಅವೆರಡಕ್ಕಿಂತ ಹೆಚ್ಚಾಗಿ ಮುದುಕರಿಬ್ಬರಿಗೂ ಹಿಡಿಸಿದ್ದು ಊರವರ ಸಾವು.

ನಗಬೇಡಿ. ದೂರದೇಶದಲ್ಲಿರುವ ಮಕ್ಕಳಿಗೆಂದು ಊರಿನ ಫೋಟೊ ಸ್ಟುಡಿಯೋದವರು ಪ್ರತಿ ಶವಸಂಸ್ಕಾರವನ್ನೂ ನೇರವಾಗಿ ನೆಟ್ಟಿಗೆ ಬಿಡುತ್ತಿದ್ದರು. ಹಾಸಿಗೆ ಹಿಡಿದ ಅಮ್ಮಚ್ಚಿ ನೆರೆಹೊರೆಯವರ ಕೊನೆಯ ದರ್ಶನ ಮಾಡುತ್ತಿದ್ದದ್ದು ಹಾಗೆ. ಗಂಡಹೆಂಡಿರು ಕೂತು ಪೆಟ್ಟಿಗೆಯ ಮರ ಯಾವುದು, ಹೂವು ಎಷ್ಟು, ಯಾವ ಸೊಸೆಯ ಅಳು ನಿಜ, ಯಾವಳದು ಬರೀ ಕರ್ಚೀಫು ಎಂದೆಲ್ಲ ತೂಗುತ್ತಿದ್ದರು. ಮುತ್ತಿನ ಹೊತ್ತು ಬಂದಾಗ ಮಾತ್ರ ಇಬ್ಬರೂ ಸುಮ್ಮನಾಗುತ್ತಿದ್ದರು. ಅಮ್ಮಚ್ಚಿ ಬಲಗೈ ಬೆರಳು ತುಟಿಗೊತ್ತಿ ಟಿವಿಯತ್ತ ಚಾಚುತ್ತಿದ್ದಳು.

ಒಂದು ದಿನ ಅಪ್ಪಚ್ಚನ್ ಅಂದಿದ್ದ, "ನನ್ನ ಸರದಿಗೆ ನೀನು ಹೀಗೆ ಟಿವೀಗೆ ಕೈ ಬೀಸಿ ತಪ್ಪಿಸ್ಕೊಳ್ಳೋ ಹಾಗಿಲ್ಲ. ಕುರ್ಚೀಲಿ ಹೊರಿಸ್ಕೊಂಡಾದ್ರೂ ಬರಬೇಕು."

"ನಿಮ್ಮ ಮುಖಕ್ಕೆ ಅದೊಂದು ಕೇಡು."

"ಕೇಡೋ ಪಾಡೋ, ನೀನು ಬರೋ ತನಕ ಮುಚ್ಚಳ ಹಾಕೋಕೆ ಬಿಡಲ್ಲ."

"ಸತ್ತವರು ಹೇಗೆ ತಡೀತೀರೋ ನೋಡ್ತೀನಿ," ಎಂದಿದ್ದಳು ಅಮ್ಮಚ್ಚಿ. ಮುದುಕ ಕೆಮ್ಮು ಬರುವಷ್ಟು ನಕ್ಕಿದ್ದ. ಆಮೇಲೆ ಆ ಕೆಮ್ಮೇ ಎದೆಗಿಳಿಯಿತು. ಆಸ್ಪತ್ರೆಗೆ ಹೊರಟ ದಿನ ನಡೆದುಕೊಂಡೇ ಹೋಗಿ ಜೀಪು ಹತ್ತಿದ್ದ. "ಭಾನುವಾರ ಬರ್ತೀನಿ ಕಣೇ," ಎಂದು ಕಿಟಕಿಯಿಂದ ಹೇಳಿದ್ದ.

ಭಾನುವಾರ ಮಣ್ಣಿಗೆ ಹೊರಟಿದ್ದ.

ಅವತ್ತು ಮಧ್ಯಾಹ್ನ ಮನೆಯಲ್ಲಿ ಎಲ್ಸಿ, ಅಮ್ಮಚ್ಚಿ ಇಬ್ಬರೇ. ಸೋದರತ್ತೆಯ ಮೊಮ್ಮಗನ ಮದುವೆ ಎಂದು ಹೇಳಿ ಎಲ್ಲರೂ ಬಿಳಿಬಟ್ಟೆಯನ್ನು ಚೀಲದಲ್ಲಿಟ್ಟುಕೊಂಡು ಬಣ್ಣದ ಬಟ್ಟೆಯಲ್ಲಿ ಹೊರಟಿದ್ದರು. ನೆರೆಯ ಹೆಂಗಸರು ಯಾರೂ ಅಳುತ್ತ ಒಳಗೆ ಬಾರದಿರಲೆಂದು ಗೇಟಿಗೆ ಬೀಗ. ಒಂದು ಸುಳ್ಳು ಮುಚ್ಚಲು ಇನ್ನೆಷ್ಟು ಹೊದಿಕೆ ಬೇಕು ನೋಡಿ. ಗಂಟೆಯನ್ನೂ ಬಾರಿಸಬೇಡಿ ಎಂದು ತಂಕಚ್ಚನ್ ಪಾದ್ರಿಯ ಕಾಲು ಹಿಡಿದಿದ್ದ. ಸತ್ತ ದಿನದ ಗಂಟೆಯನ್ನು ಪಾದ್ರಿ ಹೇಗೋ ಬಿಟ್ಟುಕೊಟ್ಟಿದ್ದರು, ಮಣ್ಣಿನ ಹೊತ್ತಿನ ಗಂಟೆ ಬಿಡಲು ಒಪ್ಪಲಿಲ್ಲ.

ಇಗರ್ಜಿ ಇದ್ದದ್ದು ಗದ್ದೆಯ ಆಚೆ ದಡದಲ್ಲಿ. ಗಂಟೆ ಒಂದೊಂದಾಗಿ, ನಡುನಡುವೆ ಉಸಿರು ಬಿಟ್ಟು ಹೊಡೆಯತೊಡಗಿತು.

"ಯಾರೇ ಅದು ಎಲ್ಸಿ?" ಎಂದಳು ಅಮ್ಮಚ್ಚಿ.

"ಯಾವುದು?"

"ಕಿವುಡಿ ಆಗಬೇಡ. ಯಾರು ಸತ್ತಿದ್ದು?"

"ಆ ಗುಡ್ಡದ ಕಡೆಯವರಂತೆ. ಔಸೇಪ್ ಅಂತ."

"ಯಾವ ಔಸೇಪ್? ರಬ್ಬರ್ ತೋಟದವನೋ, ಕುಂಟನೋ?"

"ಕುಂಟ."

"ಕುಂಟ ಹೋದ ವರ್ಷವೇ ಹೋದ ಅಲ್ವೇನೇ? ನಾವೇ ನೋಡಿದ್ವಿ, ಪೆಟ್ಟಿಗೆ ಗಿಡ್ಡ ಆಗಿ ಪೇಚಾಡಿದ್ರು."

"ಹಾಗಾದ್ರೆ ರಬ್ಬರಿನವರೇ ಇರಬೇಕು."

"ಪಾಪ, ಒಳ್ಳೆ ಮನುಷ್ಯ. ಲೈವ್ ಹಾಕು ನೋಡೋಣ."

ಎಲ್ಸಿ ಫೋನನ್ನು ಸೆರಗಿನಡಿ ಮರೆಮಾಡಿದಳು. "ನೆಟ್ ಇಲ್ಲ ಅಮ್ಮಚ್ಚಿ."

"ಬೆಳಿಗ್ಗೆ ಪೂಜೆ ಬಂತಲ್ಲ?"

"ಆಮೇಲೆ ಹೋಯ್ತು."

ಅಮ್ಮಚ್ಚಿ ಕಣ್ಣು ಮುಚ್ಚಿದಳು. "ಅಪ್ಪಚ್ಚನ್ ಬಂದ ಮೇಲೆ ಬೈತಾರೆ ನೋಡು, ಔಸೇಪನ್ನ ನೋಡಲಿಲ್ವಾ ಅಂತ."

ಎಲ್ಸಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಡುಗೆಮನೆಗೆ ಹೋಗಿ ಒಲೆಯ ಬದಿಗೆ ಕುಕ್ಕರಿಸಿದಳು. ಅಪ್ಪಚ್ಚನ್ ಅವಳನ್ನು ಒಂದು ದಿನವೂ ಕೆಲಸದವಳೆಂದು ಕರೆದವನಲ್ಲ. ಮೀನು ಸಾರಿನಲ್ಲಿ ತಲೆಯ ಭಾಗವನ್ನು ತನ್ನ ತಟ್ಟೆಯಿಂದ ತೆಗೆದು ಅವಳಿಗಿಡುತ್ತಿದ್ದವನು. ಅವನ ಮುಖ ಒಂದು ಸಲ ನೋಡಬೇಕು, ಅಷ್ಟೇ ಅವಳ ಆಸೆ. ನಿಮ್ಮಿ ಎಲ್ಲರಿಗೂ ಕಳಿಸಿದ್ದ ಲೈವ್‌ನ ಲಿಂಕು ಅವಳ ಫೋನಿಗೂ ಬಂದಿತ್ತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅದನ್ನು ಒತ್ತಿದಳು.

ಫೋನಿನಲ್ಲಿ ಏನೂ ಕಾಣಲಿಲ್ಲ. ಕಪ್ಪು ಪರದೆ, ಮೂಲೆಯಲ್ಲಿ ಆ ಚೌಕದ ಗುರುತು. ಹಾಡು ಕೇಳಿಸಿತು, ಆದರೆ ಕೇಳಿಸಿದ್ದು ಒಳಕೋಣೆಯಿಂದ.

ಬೆಳಗಿನ ಪೂಜೆ ಮುಗಿದ ಮೇಲೆ ಅವಳು ಬಿಡಿಸಿರಲೇ ಇಲ್ಲ.

ಅವಳು ಓಡಿಬರುವಷ್ಟರಲ್ಲಿ ಅಪ್ಪಚ್ಚನ್ ಗೋಡೆಯ ತುಂಬ ಮಲಗಿದ್ದ. ಮೂಗಿಗೆ ಹತ್ತಿ, ಕೈಯಲ್ಲಿ ಜಪಮಾಲೆ, ಸುತ್ತ ಹೂವು. ಎಲ್ಸಿ ಫೋನನ್ನು ಎತ್ತಿ ಗುರುತು ಹುಡುಕಿದಳು, ಬೆರಳು ಎಲ್ಲೆಲ್ಲೋ ಬಿತ್ತು.

"ಮುಟ್ಟಬೇಡ," ಎಂದಳು ಅಮ್ಮಚ್ಚಿ.

ಆ ದನಿಗೆ ಎಲ್ಸಿಯ ಕೈ ನಿಂತಿತು. ಅಮ್ಮಚ್ಚಿ ಚೀರಲಿಲ್ಲ, ಎದೆ ಹಿಡಿದುಕೊಳ್ಳಲಿಲ್ಲ. ಪರದೆಯನ್ನೇ ನೋಡುತ್ತ ಹೇಳಿದಳು, "ಕತ್ತಿನ ಗುಂಡಿ ಹಾಕಿದಾರೆ. ಅವರಿಗದು ಆಗಲ್ಲ. ಮದುವೆ ದಿನವೂ ಹಾಕಿರಲಿಲ್ಲ."

"ಅಮ್ಮಚ್ಚಿ, ನನ್ನ ಕ್ಷಮಿಸಿ ಅಮ್ಮಚ್ಚಿ, ನನಗೆ ಹೇಳಬೇಡ ಅಂತ..."

"ಯಾವಾಗ ಹೋದ್ರು?"

"ಶುಕ್ರವಾರ."

"ಶುಕ್ರವಾರ ನಾನು ಅವರಿಗೆ ಉಪ್ಪಿನಕಾಯಿ ಕಳಿಸಿದ್ದೆ," ಎಂದಳು ಅಮ್ಮಚ್ಚಿ. "ತಂಕಚ್ಚನ್ ತಗೊಂಡು ಹೋದ."

ಹೊರಗೆ ಕಿಟಕಿಯಿಂದ ಗಂಟೆ ಢಣ್ ಎಂದಿತು. ಟಿವಿಯಲ್ಲಿ ಆ ಸದ್ದಿಲ್ಲ. ಒಂದು 'ನಮೋ ಮರಿಯ' ಪ್ರಾರ್ಥನೆ ಹೇಳಿ ಮುಗಿಸುವಷ್ಟು ಹೊತ್ತಾದ ಮೇಲೆ ಟಿವಿಯ ಗಂಟೆಯೂ ಢಣ್ ಎಂದಿತು. ಅಮ್ಮಚ್ಚಿ ಕಿಟಕಿಯತ್ತ ನೋಡಿದಳು, ಟಿವಿಯತ್ತ ನೋಡಿದಳು. ಊರ ಸಾವುಗಳನ್ನೆಲ್ಲ ನೋಡಿದ್ದವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

"ಇದು ತಡವಾಗಿ ಬರ್ತಿದೆ. ಅಲ್ಲಿ ಇದಕ್ಕಿಂತ ಮುಂದೆ ಹೋಗಿದೆ. ಅವನಿಗೆ ಫೋನ್ ಮಾಡು. ಮುಖ ಮುಚ್ಚಬೇಡ, ಅಮ್ಮ ಬರ್ತಾಳೆ ಅಂತ ಹೇಳು. ಜೀಪು ಕಳಿಸಲಿ."

ಕೆಲಸ, ಗಂಟುಮೂಟೆ, ಯಾವುದೂ ಎಲ್ಸಿಯ ನೆನಪಿಗೆ ಬರಲಿಲ್ಲ. ತನ್ನ ಫೋನನ್ನು ಟಿವಿಗೇ ಬಿಟ್ಟು, ಅಮ್ಮಚ್ಚಿಯ ದಿಂಬಿನಡಿಯ ಹಳೆಯ ಗುಂಡಿಯ ಫೋನು ತೆಗೆದು ತಂಕಚ್ಚನ್‌ಗೆ ಒತ್ತಿದಳು. ಗದ್ದೆ ಸುತ್ತಿ ಬರಲು ಜೀಪಿಗೆ ಎಷ್ಟು ಹೊತ್ತು? ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತರೆ ಗದ್ದೆಯ ಬದುವಿನ ಮೇಲೇ ಹೋಗಬಹುದು. ಪಾದ್ರಿ ಕಾಯುತ್ತಾರೆ, ಯಾರಾದರೂ ಕಾಯುತ್ತಾರೆ. ಫೋನು ರಿಂಗಾಯಿತು. ರಿಂಗಾಗುತ್ತಲೇ ಇತ್ತು. ಕಡೆಗೆ ಅರ್ಧದಲ್ಲೇ ಕಡಿದುಹೋಯಿತು.

"ಎತ್ತಲಿಲ್ಲ ಅಮ್ಮಚ್ಚಿ. ಗಲಾಟೇಲಿ ಕೇಳಿಸಿಲ್ಲ ಅನ್ಸುತ್ತೆ."

"ಇನ್ನೊಂದು ಸಲ ಮಾಡು."

ಎಲ್ಸಿ ಮತ್ತೆ ಒತ್ತುತ್ತಿರುವಾಗ ಟಿವಿಯಲ್ಲಿ ತಂಕಚ್ಚನ್ ಕಾಣಿಸಿಕೊಂಡ. ಪೆಟ್ಟಿಗೆಯ ತಲೆಯ ಬಳಿ ಬಿಳಿ ಅಂಗಿ, ಬಿಳಿ ಮುಂಡು. ಅವನ ಬಲಗೈ ಜೇಬಿಗೆ ಹೋಯಿತು. ಫೋನು ತೆಗೆದ. ಯಾರದೆಂದು ನೋಡಿದ. ಪರದೆಯ ಮೇಲೆ 'ಅಮ್ಮ' ಎಂದೇ ಇರಬೇಕಲ್ಲ, ಒಂದು ಗಳಿಗೆ ಹಾಗೇ ನೋಡುತ್ತ ನಿಂತ. ಹೆಬ್ಬೆರಳಿನಿಂದ ಏನನ್ನೋ ಒತ್ತಿ ಮತ್ತೆ ಜೇಬಿಗಿಳಿಸಿದ.

ಇಬ್ಬರೂ ಅದನ್ನು ನೋಡಿದರು. ಎಲ್ಸಿಯ ಕೈಯಲ್ಲಿ ಎರಡನೇ ಕರೆ ರಿಂಗಾಗದೆಯೇ ಕಡಿಯಿತು. ಸೆಲಿನ್‌ಳ ಫೋನೂ ಅಷ್ಟೇ, ಆಫ್.

"ಸಾಕು," ಎಂದಳು ಅಮ್ಮಚ್ಚಿ. "ಮಂಚ ತಳ್ಳು."

ಮಂಚದ ಕಾಲಿಗೆ ಗಾಲಿಗಳಿದ್ದವು. ಎಲ್ಸಿ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಟಿವಿಯ ಕಡೆಗೆ ತಳ್ಳಿದಳು. ಪರದೆಯಲ್ಲಿ ಜನ ಸಾಲಾಗಿ ಬಂದು ಬಾಗುತ್ತಿದ್ದರು. ಸೆಲಿನ್ ಮುತ್ತು ಕೊಟ್ಟಳು. ನಿಮ್ಮಿ ಮುತ್ತು ಕೊಟ್ಟಳು. ಅಪ್ಪಚ್ಚನ್ ಜೊತೆ ಮೂವತ್ತು ವರ್ಷ ಮಾತು ಬಿಟ್ಟಿದ್ದ ದಾಯಾದಿಯೊಬ್ಬ ಬಂದು ಮುತ್ತು ಕೊಟ್ಟ. ಮೆಲ್ಬರ್ನಿನ ಮಗಳು ನೋಡಲೆಂದು ಕ್ಯಾಮೆರಾದವನು ಇನ್ನಷ್ಟು ಹತ್ತಿರ ಹೋದ. ಮುಖ ಗೋಡೆ ತುಂಬಿತು, ಗಡ್ಡದ ಬಿಳಿ ಕೂದಲೂ ಕಾಣುವಷ್ಟು. ಮಂಚದ ತುದಿ ಗೋಡೆಗೆ ತಗುಲಿತು. ಎಲ್ಸಿ ಅಮ್ಮಚ್ಚಿಯ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. ಅಮ್ಮಚ್ಚಿ ಬೆರಳು ತುಟಿಗೊತ್ತಿ ಕೈ ಚಾಚಿದಳು, ಇನ್ನೊಂದು ಗೇಣು ಉಳಿದಿತ್ತು. ಪರದೆಯ ಅಂಚಿನಿಂದ ಯಾರದೋ ಕೈ ಬಿಳಿಬಟ್ಟೆ ಹಿಡಿದು ಒಳಗೆ ಬಂತು.

ಅಲ್ಲಿಗೆ ನಿಂತುಬಿಟ್ಟಿತು. ಮುಖದ ನಡುಮಧ್ಯೆ ಒಂದು ಬಿಳಿ ಉಂಗುರ ಗರಗರ ಸುತ್ತತೊಡಗಿತು. ಸುಳ್ಳಿಗೆಂದು ಹೇಳಿದ ಮಾತು ನಿಜವಾಗಿ ನೆಟ್ ಹೋಗಿತ್ತು.

"ಏನಾಯ್ತೇ?"

"ಸಿಕ್ಕಿಹಾಕ್ಕೊಂಡಿದೆ ಅಮ್ಮಚ್ಚಿ. ಬರುತ್ತೆ. ಈಗ ಬರುತ್ತೆ."

ಎಲ್ಸಿ ಒಂದೇ ತೋಳಿನಲ್ಲಿ ಆ ಮೈಯನ್ನು ತಡೆದು ಹಿಡಿದು ಬೇಡಿಕೊಂಡಳು. ಯಾವ ಸಂತನನ್ನು ಬೇಡಿದಳೋ ಅವಳಿಗೇ ತಿಳಿಯದು. ಉಂಗುರ ಸುತ್ತಿತು. ಕಿಟಕಿಯಾಚೆ ಗಂಟೆ ನಿಂತುಹೋಯಿತು. ಪರದೆ ಮತ್ತೆ ಅಲುಗಿದಾಗ ನಡುವಿನದನ್ನೆಲ್ಲ ಬಿಟ್ಟು ಮುಂದಕ್ಕೆ ಹಾರಿತ್ತು. ಪೆಟ್ಟಿಗೆಗೆ ಮುಚ್ಚಳ ಬಿದ್ದಾಗಿತ್ತು. ಹಗ್ಗ ಹಿಡಿದವರು ಗುಂಡಿಗೆ ಇಳಿಸುತ್ತಿದ್ದರು, ಜನ ಹಿಡಿಮಣ್ಣು ಹಾಕಲು ನೂಕಾಡುತ್ತಿದ್ದರು.

ಅಮ್ಮಚ್ಚಿಯ ಕೈ ಚಾಚಿದ ಹಾಗೇ ಇತ್ತು. ಎಲ್ಸಿ ಅದನ್ನು ಹಿಡಿದು ಮೆಲ್ಲಗೆ ಇಳಿಸಿದಳು. ಆಗ ಅಮ್ಮಚ್ಚಿ ಅತ್ತಳು. ಮಾತಿಲ್ಲದೆ, ಸರಿಯಿರುವ ಅರ್ಧ ಮುಖದಲ್ಲಷ್ಟೇ ಅತ್ತಳು. ಎಲ್ಸಿಯೂ ಅತ್ತಳು. ತನ್ನ ಗಂಡ ಸತ್ತಾಗಲೂ ಇಷ್ಟು ಸಂಕಟವಾಗಿರಲಿಲ್ಲ ಅನ್ನಿಸಿತು ಅವಳಿಗೆ.

ಬಿಸಿಲು ಅಂಗಳ ಬಿಟ್ಟ ಮೇಲೆ ಅಮ್ಮಚ್ಚಿ ಮುಖ ಒರೆಸಿಸಿಕೊಂಡು, "ಮಂಚ ಹಿಂದಕ್ಕೆ ಹಾಕು. ತಲೆ ಬಾಚು," ಎಂದಳು. ಆಮೇಲೆ, "ಗಂಜಿ ಇಡು. ಹೆಸರುಕಾಳು ಬೇಯಿಸು. ಒಗ್ಗರಣೆ ಬೇಡ."

ಎಲ್ಸಿಗೆ ಅರ್ಥವಾಯಿತು. ಮಣ್ಣು ಮಾಡಿ ಬಂದವರು ಆ ದಿನ ಉಪವಾಸ ಮುರಿಯುವುದು ಗಂಜಿ, ಹೆಸರುಕಾಳಿನಲ್ಲೇ. ಬೇರೆ ದಿನ ಆ ಮನೆಯಲ್ಲಿ ಅವೆರಡನ್ನೂ ಒಟ್ಟಿಗೆ ಬಡಿಸುವವರಿರಲಿಲ್ಲ.

ಸಂಜೆ ಜೀಪು ಬಂತು. ಧೂಪದ ವಾಸನೆ ಹೋಗುವಂತೆ ಎಲ್ಲಿಯೋ ಮಿಂದು, ಬಣ್ಣದ ಅಂಗಿ ತೊಟ್ಟು ತಂಕಚ್ಚನ್ ಸೀದಾ ತಾಯಿಯ ಕೋಣೆಗೆ ಬಂದ. ಟಿವಿ ಆರಿತ್ತು. ಎಲ್ಸಿ ಬಾಗಿಲ ಬಳಿ ಗೋಡೆಗೆ ಅಂಟಿಕೊಂಡು ನಿಂತಳು.

"ಮದುವೆ ಹೇಗಾಯ್ತೋ?" ಎಂದಳು ಅಮ್ಮಚ್ಚಿ.

"ಚೆನ್ನಾಗಾಯ್ತಮ್ಮ. ತುಂಬ ಜನ ಬಂದಿದ್ರು."

"ಅಪ್ಪಂದು?"

"ಬರ್ತಾ ಆಸ್ಪತ್ರೆಗೂ ಹೋಗಿದ್ದೆ. ಪರವಾಗಿಲ್ಲ. ನಿದ್ದೆ ಮಾಡ್ತಿದ್ರು, ಎಬ್ಬಿಸಲಿಲ್ಲ." ಹೇಳುವಾಗ ಅವನು ತಾಯಿಯ ಮುಖ ನೋಡಲಿಲ್ಲ. ಎಲ್ಸಿಗೆ ಅವನ ಮೇಲೆ ಕೋಪ ಬಂತು, ಕನಿಕರವೂ ಬಂತು.

"ನಾನು ಮಧ್ಯಾಹ್ನ ಫೋನ್ ಮಾಡಿದ್ದೆ."

"ಹೌದಾ? ಮದುವೆ ಗಲಾಟೇಲಿ ಕೇಳಿಸಲೇ ಇಲ್ಲಮ್ಮ."

"ಹಸಿದಿದ್ದೀಯ. ಊಟ ಮಾಡು. ಎಲ್ಸಿ, ಅವನಿಗೆ ಇಲ್ಲೇ ತಂದಿಡು."

ಎಲ್ಸಿ ಬಟ್ಟಲು ತಂದು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟಳು. ಇಡೀ ದಿನ ಹೊಟ್ಟೆಗೇನೂ ಇಲ್ಲದ ತಂಕಚ್ಚನ್ ಚಮಚ ಎತ್ತಿದ. ಬಟ್ಟಲೊಳಗೆ ನೋಡಿದ. ಗಂಜಿ, ಅದರ ಪಕ್ಕ ಒಗ್ಗರಣೆಯಿಲ್ಲದ ಹೆಸರುಕಾಳು. ತಲೆಯೆತ್ತಿ ಆರಿದ ಟಿವಿ ನೋಡಿದ, ಎಲ್ಸಿಯನ್ನು ನೋಡಿದ.

"ಎಲ್ಸೀ..."

"ಅವಳನ್ನ ಏನೂ ಅನ್ನಬೇಡ. ಊರಿಗೆಲ್ಲ ತೋರಿಸಿದ್ದನ್ನ ನನಗೆ ತೋರಿಸಿದ್ದು ಅವಳೊಬ್ಬಳೇ." ಅಮ್ಮಚ್ಚಿಯ ದನಿಯಲ್ಲಿ ಬಿಸಿಯಿರಲಿಲ್ಲ. "ಒಂದೇ ಒಂದು ಕಾಣಿಸಲಿಲ್ಲ ಕಣೋ. ಆ ಹೊತ್ತಿಗೆ ಸರಿಯಾಗಿ ನಿಂತುಬಿಡ್ತು. ಅಪ್ಪನ ಮುಖ ಮುಚ್ಚಿದ್ದು ಯಾರು?"

ತಂಕಚ್ಚನ್ ತಲೆ ತಗ್ಗಿಸಿದ. "ನಾನೇ ಅಮ್ಮ."

"ಯಾವ ಕೈಯಲ್ಲೋ?" ಎಂದು ಕೇಳಿದಳು ಅಮ್ಮಚ್ಚಿ. "ಫೋನು ಜೇಬಿಗೆ ಹಾಕಿದ ಕೈಯಲ್ಲೇನಾ?"

ಚಮಚ ಹಿಡಿದಿದ್ದ ಬಲಗೈಯನ್ನು ತಂಕಚ್ಚನ್ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಕೂತಿದ್ದ. ಗಂಜಿ ಆರುತ್ತಿತ್ತು.